ಹಿಂದಿನ ಸೀಟನ್ನೂ ಅಳೆದು ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಕಳೆದ ವಾರ ಹೊಸದೊಂದು ಸಣ್ಣ ಕಾರಿನ ಬಗ್ಗೆ ಬಂದ ಅರ್ಧ ಪುಟದ ಬರಹವನ್ನೂ ಓದಿದೆ. ಡ್ಯಾಶ್‌ಬೋರ್ಡಿನ ಪರದೆ ಎಷ್ಟು ಇಂಚಿನದು, ಚಾವಣಿಯ ಗಾಜು ಎಷ್ಟು ತೆರೆಯುತ್ತದೆ, ಒಳಗೆ ಎಷ್ಟು ಬಣ್ಣದ ದೀಪಗಳಿವೆ, ಚಕ್ರಗಳು ಎಷ್ಟು ದೊಡ್ಡವು ಎಂಬುದೆಲ್ಲ ಅದರಲ್ಲಿ ವಿವರವಾಗಿಯೇ ಇತ್ತು. ಹಿಂದಿನ ಸೀಟಿಗೆ ಸಿಕ್ಕಿದ್ದು ಒಂದೇ ವಾಕ್ಯ: ಮೂವರು ಆರಾಮವಾಗಿ ಕೂರಬಹುದು. ಯಾವ ಮೂವರು? ಎಷ್ಟು ಎತ್ತರದವರು? ಎಷ್ಟು ಹೊತ್ತು? ಬರೆದವರು ಹಿಂದೆ ಕೂತು ನೋಡಿದ್ದರೇ? ‘ಕುಟುಂಬದ ಕಾರು’ ಎಂದು ತಲೆಬರಹ ಕೊಟ್ಟ ಮೇಲೆ ಇಷ್ಟನ್ನಾದರೂ ಹೇಳಬೇಡವೇ ಎಂಬುದು ನನ್ನ ತಕರಾರು.

ವೃತ್ತಿಯುದ್ದಕ್ಕೂ ಕಾರಿನ ಒಳಜಾಗವನ್ನು ಹಂಚುವ ಕೆಲಸ ಮಾಡಿದ ಎಂಜಿನಿಯರ್ ನಾನು. ಎಂಜಿನ್‌ಗೆ ಎಷ್ಟು, ಚಕ್ರಕ್ಕೆ ಎಷ್ಟು, ಮೊಣಕಾಲಿಗೆ ಎಷ್ಟು, ಸಾಮಾನಿಗೆ ಎಷ್ಟು ಎಂದು ಮಿಲಿಮೀಟರ್ ಲೆಕ್ಕದಲ್ಲಿ ವಾದ ನಡೆಯುವ ವಿಭಾಗ ಅದು. ದೊಡ್ಡ ಕಾರಿನಲ್ಲಿ ಎಲ್ಲಿಯಾದರೂ ಐದು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ಮೀಟರ್ ಆಸುಪಾಸಿನ ಕಾರಿನಲ್ಲಿ ಹಾಗಲ್ಲ. ಅಲ್ಲಿ ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಂದ ಕಿತ್ತುಕೊಂಡದ್ದೇ ಆಗಿರುತ್ತದೆ. ಈ ವಾದಗಳಲ್ಲಿ ಹೊರರೂಪದ ಪರವಾಗಿ ಮಾತನಾಡಲು ಯಾವಾಗಲೂ ಜನರಿರುತ್ತಾರೆ, ಮಾರಾಟ ವಿಭಾಗವೂ ಅವರ ಬೆನ್ನಿಗೆ ನಿಲ್ಲುತ್ತದೆ. ಹಿಂದೆ ಕೂರುವವರ ಪರವಾಗಿ ಮಾತನಾಡಬೇಕಾದದ್ದು ಕೊಳ್ಳುವವರು. ಕೊಳ್ಳುವವರಿಗೆ ಏನನ್ನು ಕೇಳಬೇಕೆಂದು ಕಲಿಸಬೇಕಾದದ್ದು ಪತ್ರಿಕೆ. ಅದಕ್ಕಾಗಿಯೇ ಈ ಪತ್ರ ಇಷ್ಟು ಉದ್ದವಾಗುತ್ತಿದೆ, ದಯವಿಟ್ಟು ಸಹಿಸಿಕೊಳ್ಳಿ.

ಹಿಂದಿನ ಬಾಗಿಲಿನಿಂದಲೇ ಶುರು ಮಾಡುತ್ತೇನೆ. ನನ್ನ ತಾಯಿಗೆ ಮಂಡಿನೋವು. ಮಂಡಿನೋವಿರುವವರು ಕಾರು ಹತ್ತುವ ರೀತಿಯೇ ಬೇರೆ. ಬಾಗಿಲಿಗೆ ಬೆನ್ನು ಮಾಡಿ ನಿಂತು, ಮೊದಲು ಸೀಟಿನ ಅಂಚಿನ ಮೇಲೆ ಕುಳಿತು, ತಲೆ ಬಗ್ಗಿಸಿ ಒಳಗೆ ತಂದು, ಆಮೇಲೆ ಕೈಯಿಂದ ತೊಡೆ ಹಿಡಿದೆತ್ತಿ ಒಂದೊಂದೇ ಕಾಲನ್ನು ಒಳಗೆ ಎಳೆದುಕೊಳ್ಳುತ್ತಾರೆ. ಅಷ್ಟು ಹೊತ್ತು ಪಕ್ಕದಲ್ಲಿ ನಿಂತು ನೋಡಿದರೆ ಆ ಕಾರಿನ ವಿನ್ಯಾಸಕರು ಏನೇನು ಯೋಚಿಸಿದ್ದರು, ಏನನ್ನು ಯೋಚಿಸಲಿಲ್ಲ ಎಂಬುದೆಲ್ಲ ತಿಳಿದುಬಿಡುತ್ತದೆ. ಸೀಟು ತೀರಾ ತಗ್ಗಿನಲ್ಲಿದ್ದರೆ ಕುಳಿತುಕೊಳ್ಳುವಾಗ ಮೈಯ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಹಿಂದಿನ ಚಕ್ರದ ಕಮಾನು ಬಾಗಿಲಿನ ಕೆಳಮೂಲೆಯನ್ನು ಕಚ್ಚಿಕೊಂಡಿದ್ದರೆ ಸೊಂಟವನ್ನು ನೇರವಾಗಿ ಸೀಟಿಗೆ ತರಲಾಗದು. ಮೊದಲು ಮುಂದಕ್ಕೆ ಕುಳಿತು ಆಮೇಲೆ ಹಿಂದಕ್ಕೆ ಸರಿಯಬೇಕು. ಚಾವಣಿ ಹಿಂಬದಿಗೆ ಇಳಿಜಾರಾಗಿದ್ದರೆ ತಲೆ ತಾಗುತ್ತದೆ. ಕೊನೆಗೆ ಪಾದದ ಸರದಿ. ಎರಡು ಬಾಗಿಲುಗಳ ನಡುವಿನ ಕಂಬದ ಬುಡಕ್ಕೂ ಹಿಂದಿನ ಸೀಟಿನ ಮುಂಗಡೆಗೂ ಇರುವ ಸಂದಿಯಲ್ಲಿ ಚಪ್ಪಲಿ ಹಾಕಿದ ಪಾದ ತೂರಬೇಕು. ಪಾದಕ್ಕಿಂತ ಆ ಸಂದಿ ಕಿರಿದಾಗಿದ್ದರೆ ಕಾಲ್ಬೆರಳನ್ನು ಕೆಳಗೆ ಮಾಡಿ ಪಾದವನ್ನು ಹೊರಳಿಸಬೇಕು. ಮಡಚಲಾಗದ ಮಂಡಿಗೆ ಅದೇ ದೊಡ್ಡ ಶಿಕ್ಷೆ. ನನ್ನ ತಾಯಿ ಅಲ್ಲಿ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತಾರೆ.

ಆ ಸಂದಿ ಕಿರಿದಾಗುವುದಕ್ಕೆ ಕಾರಣಗಳಿವೆ. ಅಂಗಡಿಯಲ್ಲಿ ನಿಂತ ಕಾರು ಗಟ್ಟಿಮುಟ್ಟಾಗಿ ಕಾಣಲೆಂದು ದೊಡ್ಡ ಚಕ್ರ ಹಾಕುತ್ತಾರೆ. ಚಕ್ರ ದೊಡ್ಡದಾದಷ್ಟೂ ಅದರ ಕಮಾನು ಮುಂದಕ್ಕೆ ಬಂದು ಬಾಗಿಲನ್ನು ತಿನ್ನುತ್ತದೆ. ಬಾಗಿಲಿನ ಹಿಂಬದಿ ಹೋಯಿತೆಂದು ಮುಂಬದಿಯ ಕಂಬವನ್ನು ಇನ್ನೂ ಮುಂದಕ್ಕೆ ಸರಿಸೋಣವೆಂದರೆ ಚಾಲಕರ ಬಾಗಿಲು ಚಿಕ್ಕದಾಗುತ್ತದೆ. ದೊಡ್ಡ ಚಕ್ರದ ತೊಂದರೆ ಇಷ್ಟಕ್ಕೇ ನಿಲ್ಲುವುದೂ ಇಲ್ಲ. ಅದಕ್ಕೆ ಹಾಕುವ ಟೈರಿನ ಪಕ್ಕೆ ತೆಳುವಾಗುವುದರಿಂದ ಗುಂಡಿಗೆ ಬಿದ್ದಾಗಿನ ಪೆಟ್ಟು ನೇರವಾಗಿ ಕೂತವರ ಬೆನ್ನಿಗೆ ಬರುತ್ತದೆ. ಮುಂದಿನ ಚಕ್ರಗಳು ತಿರುಗಲು ಹೆಚ್ಚು ಜಾಗ ಬೇಕಾಗುವುದರಿಂದ ಕಾರನ್ನು ಒಂದೇ ಏಟಿಗೆ ತಿರುಗಿಸಿಕೊಳ್ಳುವುದು ಕಷ್ಟವಾಗುತ್ತದೆ. ಸಣ್ಣ ಕಾರನ್ನು ಸಣ್ಣದಾಗಿ ಕಟ್ಟಿದ್ದೇ ಇಕ್ಕಟ್ಟಿನಲ್ಲಿ ಸುಲಭವಾಗಿ ತಿರುಗಲಿ ಎಂದಲ್ಲವೇ? ನಿಮ್ಮ ಬರಹ ಅದೇ ಚಕ್ರವನ್ನು ಕಾರಿನ ಹೆಗ್ಗಳಿಕೆಗಳ ಸಾಲಿಗೆ ಸೇರಿಸಿತ್ತು.

ಹಿಂದಿನವರು ಈ ಲೆಕ್ಕವನ್ನು ಎಷ್ಟು ಶ್ರದ್ಧೆಯಿಂದ ಹಾಕುತ್ತಿದ್ದರು ಎಂಬುದನ್ನು ಓದುಗರು ತಿಳಿಯಬೇಕು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ತತ್ವಾರವಾದಾಗ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಸಂಸ್ಥೆ ಒಂದು ನಿಜವಾದ ಸಣ್ಣ ಕಾರು ಬೇಕೆಂದು ಅಲೆಕ್ ಇಸಿಗೊನಿಸ್ ಅವರಿಗೆ ಕೆಲಸ ವಹಿಸಿತು. 1959ರಲ್ಲಿ ಹೊರಬಂದ ಮಿನಿ ಕಾರಿನ ಉದ್ದ 3 ಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲಿ ನಾಲ್ವರು ದೊಡ್ಡವರು ಕೂರುತ್ತಿದ್ದರು. ಅದು ಸಾಧ್ಯವಾದದ್ದು ಎಂಜಿನ್ನನ್ನು ಅಡ್ಡಲಾಗಿ ಇಟ್ಟದ್ದರಿಂದ. ಗೇರ್‌ಬಾಕ್ಸನ್ನು ಎಂಜಿನ್ನಿನ ಕೆಳಗೆ, ಅದೇ ಎಣ್ಣೆಯ ತೊಟ್ಟಿಯೊಳಗೆ ಕೂರಿಸಿದರು. ಶಕ್ತಿ ಮುಂದಿನ ಚಕ್ರಗಳಿಗೇ ಹೋಗುವುದರಿಂದ ಹಿಂಬದಿಯವರೆಗೆ ತಿರುಗುವ ಉದ್ದನೆಯ ದಂಡ ಬೇಕಾಗಲಿಲ್ಲ, ಅದನ್ನು ಮುಚ್ಚಲು ನೆಲದ ನಡುವೆ ಎತ್ತರದ ದಿಬ್ಬವೂ ಬೇಕಾಗಲಿಲ್ಲ. ಚಕ್ರ ಕೇವಲ 10 ಇಂಚಿನದು, ಕಮಾನುಗಳು ಒಳಗೆ ನುಗ್ಗಬಾರದೆಂದು. ಸುರುಳಿ ಸ್ಪ್ರಿಂಗಿನ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ಪುಟ್ಟ ರಬ್ಬರ್ ಶಂಕುಗಳು, ಅವೂ ಜಾಗ ಉಳಿಸಲಿಕ್ಕೇ. ಕಿಟಕಿಯ ಗಾಜು ಕೆಳಗಿಳಿಯುವ ಬದಲು ಪಕ್ಕಕ್ಕೆ ಜಾರುತ್ತಿತ್ತು; ಗಾಜು ಇಳಿಸುವ ಯಂತ್ರ ಇಲ್ಲದ ಕಾರಣ ಬಾಗಿಲಿನ ಪೊಳ್ಳೆಲ್ಲ ಸಾಮಾನಿಡುವ ಗೂಡಾಯಿತು. ಹೀಗೆ ನೆಲದ ಸುಮಾರು ಶೇ 80ರಷ್ಟು ಜಾಗ ಜನರಿಗೂ ಸಾಮಾನಿಗೂ ಉಳಿಯಿತು. ಇಲ್ಲಿನ ಒಂದೊಂದು ತೀರ್ಮಾನವೂ ಮನುಷ್ಯರಿಗೆ ಎಷ್ಟು ಜಾಗ ಸಿಗುತ್ತದೆ ಎಂಬ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರ.

ಮಿನಿಯಲ್ಲಿ ತೊಡಕುಗಳಿರಲಿಲ್ಲವೆಂದಲ್ಲ. ಎಂಜಿನ್‌ಗೂ ಗೇರಿಗೂ ಒಂದೇ ಎಣ್ಣೆ ಎಂಬುದು ಅವುಗಳಲ್ಲೊಂದು. ಅದನ್ನು ಬಿಡಿಸಿದವರು ಇಟಲಿಯ ಫಿಯೆಟ್ ಸಂಸ್ಥೆಯ ದಾಂತೆ ಜಕೋಸಾ. ಎಂಜಿನ್ ಅಡ್ಡಲಾಗಿಯೇ ಇರಲಿ, ಗೇರ್‌ಬಾಕ್ಸ್ ಅದರ ಕೆಳಗೆ ಬೇಡ, ತುದಿಗೆ ಇರಲಿ ಎಂದರು. ಎಡಬಲದ ಚಕ್ರಗಳಿಗೆ ಹೋಗುವ ದಂಡಗಳು ಒಂದು ಉದ್ದ, ಇನ್ನೊಂದು ಗಿಡ್ಡ ಆದವು, ಆಗಲಿ ಎಂದರು. 1964ರ ಆಟೋಬಿಯಾಂಕಿ ಪ್ರಿಮುಲಾದಲ್ಲಿ ಮೊದಲು ಬಂದ ಈ ಜೋಡಣೆ 1969ರ ಫಿಯೆಟ್ 128ರಲ್ಲಿ ನೆಲೆ ನಿಂತಿತು. ಇಂದು ನೀವು ರಸ್ತೆಯಲ್ಲಿ ನೋಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಇದೇ ಜೋಡಣೆಯವು. ಬಾನೆಟ್ ಎತ್ತಿ ನೋಡಿದರೆ ಎರಡು ಚಕ್ರಗಳ ನಡುವೆ ಎಂಜಿನ್, ಅದರ ಮಗ್ಗುಲಿಗೆ ಗೇರ್‌ಬಾಕ್ಸ್. ಆ ಇಬ್ಬರೂ ಅಲ್ಲಿ ಒತ್ತೊತ್ತಾಗಿ ಕೂತದ್ದರಿಂದಲೇ ಹಿಂದೆ ಕೂತವರಿಗೆ ಕಾಲು ಚಾಚಲು ಒಂದಿಷ್ಟು ಎಡೆ ಸಿಕ್ಕಿದೆ.

ಒಳಜಾಗ ಹೆಚ್ಚಿಸಲು ಇನ್ನೊಂದು ದಾರಿಯೂ ಇದೆ: ಉದ್ದದಲ್ಲಿ ಸಿಗದ್ದನ್ನು ಎತ್ತರದಲ್ಲಿ ಪಡೆಯುವುದು. ಮನುಷ್ಯ ನೆಟ್ಟಗೆ ಕೂತರೆ ಕಾಲು ಕೆಳಕ್ಕೆ ಇಳಿಯುತ್ತದೆ, ಮುಂದಕ್ಕೆ ಚಾಚುವುದಿಲ್ಲ. ಹಾಗಾಗಿ ಕಡಿಮೆ ಉದ್ದದಲ್ಲಿ ಎರಡು ಸಾಲು ಕೂರಿಸಬಹುದು. ಜಪಾನಿನಲ್ಲಿ ‘ಕೇ’ ಎಂಬ ಪುಟ್ಟ ಕಾರುಗಳ ವರ್ಗಕ್ಕೆ ಕಾನೂನು ಕೊಟ್ಟಿರುವುದು 3.4 ಮೀಟರ್ ಉದ್ದ, 1.48 ಮೀಟರ್ ಅಗಲ ಮಾತ್ರ. ಎತ್ತರಕ್ಕೆ ಮಾತ್ರ 2 ಮೀಟರ್‌ವರೆಗೆ ಸಡಿಲ ಬಿಟ್ಟಿದೆ. ಅಲ್ಲಿನ ವಿನ್ಯಾಸಕರು ಆ ಸಡಿಲನ್ನು ಬಳಸಿಕೊಂಡರು, 1993ರಲ್ಲಿ ಬಂದ ಸುಜುಕಿ ವ್ಯಾಗನ್ ಆರ್ ಅದಕ್ಕೆ ಒಳ್ಳೆಯ ಉದಾಹರಣೆ. ಹೋಂಡಾ ಸಂಸ್ಥೆ 2001ರ ಫಿಟ್ ಕಾರಿನಲ್ಲಿ (ಕೆಲವು ದೇಶಗಳಲ್ಲಿ ಅದರ ಹೆಸರು ಜಾಝ್) ಪೆಟ್ರೋಲ್ ಟ್ಯಾಂಕನ್ನು ಹಿಂದಿನ ಸೀಟಿನ ಕೆಳಗಿನಿಂದ ಎತ್ತಿ ಮುಂದಿನ ಸೀಟುಗಳ ಕೆಳಗೆ ಇಟ್ಟಿತು. ಹಿಂದಿನ ನೆಲ ಪೂರ್ತಿ ತಗ್ಗಿತು, ಸೀಟಿನ ದಿಂಬನ್ನು ಮೇಲಕ್ಕೆ ಮಡಚಿದರೆ ಎತ್ತರದ ಸಾಮಾನು ನಿಂತಂತೆಯೇ ಹಿಡಿಸಿತು. ಹೊರಗಿನಿಂದ ನೋಡುವವರ ಕಣ್ಣಿಗೆ ಈ ಬದಲಾವಣೆ ಬೀಳುವುದೇ ಇಲ್ಲ. ನನ್ನ ಮಟ್ಟಿಗೆ ಕಳೆದ ಕೆಲವು ದಶಕಗಳ ಸಣ್ಣ ಕಾರುಗಳಲ್ಲಿ ಅದಕ್ಕಿಂತ ಜಾಣತನದ ಜಾಗ ಹಂಚಿಕೆ ಇನ್ನೊಂದಿಲ್ಲ.

ಎತ್ತರಕ್ಕೂ ಒಂದು ಮಿತಿ ಇದೆ. 1997ರಲ್ಲಿ ಮರ್ಸಿಡಿಸ್ ತನ್ನ ಎ-ಕ್ಲಾಸ್ ಎಂಬ ಗಿಡ್ಡ, ಎತ್ತರದ ಕಾರನ್ನು ತಂದಾಗ ಸ್ವೀಡನ್ನಿನ ಪತ್ರಿಕೆಯೊಂದು ಅದನ್ನು ದಿಢೀರನೆ ಪಥ ಬದಲಿಸುವ ಪರೀಕ್ಷೆಗೆ ಒಡ್ಡಿತು. ರಸ್ತೆಗೆ ದೊಡ್ಡ ಪ್ರಾಣಿ ಅಡ್ಡ ಬಂದರೆ ಚಾಲಕ ಏನು ಮಾಡುತ್ತಾನೋ ಅದೇ ಪರೀಕ್ಷೆ. ಕಾರು ಪಲ್ಟಿಯಾಯಿತು. ಸಂಸ್ಥೆ ವಿತರಣೆ ನಿಲ್ಲಿಸಿ, ಸಸ್ಪೆನ್ಷನ್ ತಿದ್ದಿ, ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಪ್ರತಿ ಕಾರಿಗೂ ಅಳವಡಿಸಿತು. ಆವರೆಗೆ ದೊಡ್ಡ ಕಾರುಗಳ ಸೊತ್ತಾಗಿದ್ದ ಆ ವ್ಯವಸ್ಥೆ ಸಣ್ಣ ಕಾರುಗಳಿಗೂ ಇಳಿಯಲು ಈ ಘಟನೆಯೂ ಕಾರಣ. ಸಂಪಾದಕರೇ, ಅದನ್ನು ಮಾಡಿಸಿದ್ದು ಒಂದು ಪತ್ರಿಕೆಯ ಪರೀಕ್ಷೆ ಎಂಬುದನ್ನು ಗಮನಿಸಿ. ನಿಮ್ಮಂಥವರ ಕೈಯಲ್ಲಿ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಮಕ್ಕಳ ವಿಷಯ. ಇತ್ತೀಚಿನ ಕಾರುಗಳಲ್ಲಿ ಕಿಟಕಿಯ ಕೆಳ ಅಂಚು ಹಿಂದೆ ಹೋದಂತೆ ಮೇಲೇರುತ್ತದೆ. ಹೊರಗಿನಿಂದ ನೋಡಲು ಓಟದ ಭಂಗಿ ಬರುತ್ತದೆಂದು ಹಾಗೆ ಮಾಡುತ್ತಾರೆ. ಒಳಗೆ ಕೂತ ಆರು ವರ್ಷದ ಮಗುವಿನ ಕಣ್ಣೆದುರಿಗೆ ಬರುವುದು ಬಾಗಿಲಿನ ಪ್ಲಾಸ್ಟಿಕ್ ಹಾಗೂ ಮುಂದಿನ ಸೀಟಿನ ಬೆನ್ನು. ಒಳಗಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ. ಈ ತಾಳತಪ್ಪಿನಿಂದಲೇ ಹೊಟ್ಟೆ ತೊಳಸಿ ವಾಂತಿಯಾಗುವುದು. ಹೊರಗಿನ ದಿಗಂತ ಕಾಣುತ್ತಿದ್ದರೆ ಮಗುವಿಗೆ ಎಷ್ಟೋ ಹಾಯೆನಿಸುತ್ತದೆ. ಅಂದರೆ ಕಿಟಕಿಯ ಅಂಚನ್ನು ನಾಲ್ಕು ಬೆರಳಷ್ಟು ಕೆಳಗಿಳಿಸುವುದು ಅಲಂಕಾರದ ಮಾತಲ್ಲ, ಮಗುವಿನ ಆರೋಗ್ಯದ ಮಾತು. 1980ರಲ್ಲಿ ಜಾರ್ಜೆತೊ ಜುಜಾರೊ ರೂಪಿಸಿದ ಮೊದಲ ಫಿಯೆಟ್ ಪಾಂಡಾವನ್ನು ನೋಡಿ: ಎಲ್ಲ ಗಾಜುಗಳೂ ಚಪ್ಪಟೆ, ಕಿಟಕಿಗಳು ದೊಡ್ಡವು, ಸೀಟಿನ ಬಟ್ಟೆ ಕಳಚಿ ಒಗೆಯುವಂಥದ್ದು. ಮಕ್ಕಳನ್ನು ಕೂರಿಸಿಕೊಂಡು ಹೋಗುವವರ ಕಷ್ಟ ಬಲ್ಲವರು ಮಾಡಿದ ಕಾರು ಅದು.

ಹಸುಗೂಸಿನ ಸೀಟು ಇನ್ನೊಂದು ಪರೀಕ್ಷೆ. ಕೂಸು ಹಿಂಬದಿಗೆ ಮುಖ ಮಾಡಿ ಕೂರುವ ಸೀಟೇ ಅದಕ್ಕೆ ಕ್ಷೇಮ, ಏಕೆಂದರೆ ಮುಂದಿನಿಂದ ಡಿಕ್ಕಿಯಾದಾಗ ಎಳೆಯ ಕತ್ತಿನ ಮೇಲೆ ಬೀಳಬೇಕಾದ ಎಳೆತ ಪೂರ್ತಿ ಬೆನ್ನಿಗೆ ಹಂಚಿಹೋಗುತ್ತದೆ. ವಿಶ್ವಸಂಸ್ಥೆಯ 129ನೇ ವಾಹನ ನಿಯಮ ಕನಿಷ್ಠ 15 ತಿಂಗಳವರೆಗೆ ಹಾಗೆಯೇ ಕೂರಿಸಬೇಕು ಎನ್ನುತ್ತದೆ. ಆದರೆ ಆ ಸೀಟಿಗೆ ಉದ್ದ ಹೆಚ್ಚು ಬೇಕು. ಅದನ್ನು ಹಿಂದೆ ಬಿಗಿದ ಮೇಲೆ ಅದರ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಗುತ್ತದೆ? ಅಲ್ಲಿ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತುತ್ತದೆಯೇ? ಹೊಸದಾಗಿ ತಂದೆತಾಯಿಯಾದವರು ಕಾರು ಕೊಂಡ ಮೇಲಷ್ಟೇ ಇದನ್ನು ಕಂಡುಕೊಳ್ಳುತ್ತಾರೆ. ಪರಿಶೀಲನೆಗೆ ಹೋಗುವ ವರದಿಗಾರರು ಅಂಥದೊಂದು ಸೀಟನ್ನು ಜೊತೆಗೆ ಒಯ್ದರೆ ಹತ್ತು ನಿಮಿಷದ ಕೆಲಸ.

ಹಿಂದಿನ ನಡುವಿನ ಸೀಟನ್ನು ಕೇಳುವವರೇ ಇಲ್ಲ. ಅಲ್ಲಿ ಬೆನ್ನಿಗೆ ಸಿಗುವುದು ಮಡಚಿಟ್ಟ ಕೈದಿಂಬಿನ ಗಡಸು ಭಾಗ, ಕಾಲಡಿಗೆ ದಿಬ್ಬ. ವೋಲ್ವೊ ಸಂಸ್ಥೆಯ ನಿಲ್ಸ್ ಬೋಲಿನ್ ಭುಜಕ್ಕೂ ಸೊಂಟಕ್ಕೂ ಸೇರಿಸಿ ಬಿಗಿಯುವ ಬೆಲ್ಟನ್ನು 1959ರಲ್ಲೇ ಕೊಟ್ಟರು, ಸಂಸ್ಥೆ ಅದರ ಹಕ್ಕನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಆ ಬೆಲ್ಟು ನಡುವಿನವರಿಗೂ ಇದೆಯೇ, ತಲೆಗೆ ಆನಿಕೆ ಇದೆಯೇ ಎಂಬುದನ್ನು ಪ್ರತಿ ಪರಿಶೀಲನೆಯಲ್ಲೂ ಬರೆಯಿರಿ. ಇಲ್ಲದಿದ್ದರೆ ಅದನ್ನು ಐದು ಜನರ ಕಾರು ಎಂದು ಕರೆಯಬೇಡಿ.

ಸುರಕ್ಷತೆಯ ಮಾತು ಬಂದಾಗ ಸಣ್ಣ ಕಾರಿನವರಿಗೆ ಭೌತಶಾಸ್ತ್ರ ರಿಯಾಯಿತಿ ಕೊಡುವುದಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದ ಕಾರಿನ ಮೂತಿ ಅರ್ಧ ಮೀಟರ್ ನಜ್ಜುಗುಜ್ಜಾಗಿ ನಿಂತಿತೆನ್ನಿ. ಸರಾಸರಿ ಲೆಕ್ಕದಲ್ಲಿ ಅದು ಗುರುತ್ವದ ಸುಮಾರು 20 ಪಟ್ಟು. 60 ಕಿಲೋ ತೂಕದವರ ಮೇಲೆ ಸುಮಾರು 1,200 ಕಿಲೋ ಭಾರದ ಒತ್ತಡ. ನಜ್ಜಾಗುವ ಜಾಗ 40 ಸೆಂಟಿಮೀಟರಿಗೆ ಇಳಿದರೆ ಅದೇ 25 ಪಟ್ಟಾಗುತ್ತದೆ. ಹತ್ತೇ ಸೆಂಟಿಮೀಟರಿನ ವ್ಯತ್ಯಾಸ! ಎಂಜಿನ್ ಗಟ್ಟಿ ಲೋಹ, ಅದು ನಜ್ಜಾಗುವುದಿಲ್ಲ. ಆದ್ದರಿಂದ ಅದನ್ನು ಚಿಕ್ಕದಾಗಿ ಮಾಡಿ ಅಡ್ಡಲಾಗಿ ಇಟ್ಟು, ಸುತ್ತ ಬಿಟ್ಟ ಪ್ರತಿ ಬೆರಳಗಲದ ಖಾಲಿ ಜಾಗವೂ ಜೀವ ಉಳಿಸುವ ಜಾಗ. ಮುಂಭಾಗ ಮುದುಡಬೇಕು, ಜನ ಕೂತ ಗೂಡು ಮುದುಡಬಾರದು ಎಂಬ ತತ್ವವನ್ನು ಬೇಲಾ ಬರೇನಿ ಎಂಬ ಎಂಜಿನಿಯರ್ 1950ರ ದಶಕದ ಆರಂಭದಲ್ಲೇ ಹಕ್ಕುಪತ್ರ ಪಡೆದು ಮುಂದಿಟ್ಟಿದ್ದರು. ಈ ತತ್ವಕ್ಕಾಗಿ ತೆತ್ತ ತೂಕವನ್ನು ನಾನು ಆಕ್ಷೇಪಿಸುವುದಿಲ್ಲ. 1974ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ 3.7 ಮೀಟರ್ ಉದ್ದ, 1.61 ಮೀಟರ್ ಅಗಲವಿತ್ತು, ತೂಕ ಸುಮಾರು 800 ಕಿಲೋ. ಅದರ ಎಂಟನೇ ಪೀಳಿಗೆ 4.28 ಮೀಟರ್ ಉದ್ದ, 1.79 ಮೀಟರ್ ಅಗಲ, ತೂಕ 1,200 ಕಿಲೋ ದಾಟಿದೆ. ಬಾಗಿಲುಗಳು ದಪ್ಪವಾದದ್ದು ಒಳಗೆ ಉಕ್ಕಿನ ತೊಲೆ ಬಂದದ್ದರಿಂದಲೂ ಹೌದು, ಅದು ಬೇಕಾದದ್ದೇ. ಆದರೆ ಉಳಿದ ತೂಕ? ಗಾಜಿನ ಚಾವಣಿ, ದೊಡ್ಡ ಚಕ್ರ, ಮೋಟಾರಿನಿಂದ ಸರಿಯುವ ಸೀಟು ಇವೆಲ್ಲ ಭಾರ ಹೆಚ್ಚಿಸುತ್ತವೆ. ಭಾರ ಹೆಚ್ಚಿದರೆ ದೊಡ್ಡ ಬ್ರೇಕು ಬೇಕು, ದೊಡ್ಡ ಬ್ರೇಕಿಗೆ ದೊಡ್ಡ ಚಕ್ರ ಬೇಕು, ಎಲ್ಲವನ್ನೂ ಎಳೆಯಲು ದೊಡ್ಡ ಎಂಜಿನ್ ಬೇಕು.

ಹಿಂದಿನ ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್ ಎಂಬ ಸಾದಾ ತೊಲೆಯನ್ನು ಕಂಡರೆ ನಿಮ್ಮ ಬರಹಗಾರರು ಹಳೆಯ ಕಾಲದ್ದೆಂದು ಮೂಗು ಮುರಿಯುತ್ತಾರೆ. ನಾನು ಅದರ ಪರ. ಅದು ತಗ್ಗಿನಲ್ಲಿ ಕೂರುತ್ತದೆ, ಡಿಕ್ಕಿಯ ನೆಲವನ್ನು ಅಗಲವಾಗಿ ಸಮತಟ್ಟಾಗಿ ಬಿಡುತ್ತದೆ, ಸ್ಟೆಪ್ನಿಗೆ ಜಾಗ ಕೊಡುತ್ತದೆ, ಬಿಡಿಭಾಗ ಕಡಿಮೆ ಇರುವುದರಿಂದ ಸವೆತವೂ ಕಡಿಮೆ. ಓಟದ ಮೈದಾನದ ತಿರುವಿನಲ್ಲಿ ಅದು ಒಂದು ಕೂದಲೆಳೆ ಹಿಂದೆ ಬಿದ್ದರೆ ಮನೆಮಂದಿಗೆ ಏನೂ ನಷ್ಟವಿಲ್ಲ.

ಪರದೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗಾಳಿಯ ಬಿಸಿ ತಂಪು ಬದಲಿಸಲು ತಿರುಪು ಇದ್ದರೆ ಕೈ ತಾನಾಗಿ ಹುಡುಕಿಕೊಳ್ಳುತ್ತದೆ, ಕಣ್ಣು ರಸ್ತೆಯ ಮೇಲೇ ಇರುತ್ತದೆ. ನುಣ್ಣನೆಯ ಗಾಜಿನ ಮೇಲೆ ಬೆರಳಿಗೆ ಯಾವ ಗುರುತೂ ಸಿಗುವುದಿಲ್ಲ. ಯುರೋಪಿನ ಕಾರು ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುರೋ ಎನ್‌ಕ್ಯಾಪ್ ಕೂಡ 2026ರ ತನ್ನ ನಿಯಮಗಳಲ್ಲಿ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯ ಸೂಚಕ ದೀಪ, ತುರ್ತು ಕರೆ ಇವುಗಳಿಗೆ ಕೈಗೆ ಸಿಗುವ ಗುಂಡಿ ಇಲ್ಲವೇ ಹಿಡಿ ಇಲ್ಲದ ಕಾರಿಗೆ ಪೂರ್ಣ ಅಂಕ ಕೊಡುವುದಿಲ್ಲ ಎಂದಿದೆ. ನಿಮ್ಮ ಪುಟವೂ ಇಂಚು ಎಣಿಸುವುದನ್ನು ಬಿಟ್ಟು ಗುಂಡಿ ಎಣಿಸಲಿ.

ವಿದ್ಯುತ್ ಕಾರು ಬಂದ ಮೇಲೆ ಈ ಸಮಸ್ಯೆ ತೀರುತ್ತದೆ ಎಂದು ಹಲವರು ನಂಬಿದ್ದಾರೆ. ಎಂಜಿನ್ ಹೋಯಿತು, ನೆಲ ಸಮತಟ್ಟಾಯಿತು ಎಂಬುದು ನಿಜ. ಆದರೆ ಬ್ಯಾಟರಿಯ ಹಲಗೆ ನೆಲದಡಿಗೆ ಬಂದು ನೆಲವನ್ನೇ ಮೇಲೆತ್ತಿದೆ. ಚಾವಣಿ ಎತ್ತರಿಸದೆ ನೆಲ ಮಾತ್ರ ಎತ್ತರಿಸಿದರೆ ಹಿಂದೆ ಕೂತವರ ಮಂಡಿ ಹೊಟ್ಟೆಯ ಕಡೆಗೆ ಏರುತ್ತದೆ, ತೊಡೆಯ ಕೆಳಗೆ ಸೀಟು ತಾಗುವುದೇ ಇಲ್ಲ. ಇಡೀ ಮೈಭಾರ ಬೆನ್ನುಮೂಳೆಯ ಬುಡದ ಮೇಲೆ. ಮೊಣಕಾಲಿನ ಮುಂದೆ ಎಷ್ಟು ಜಾಗವಿದೆ ಎಂದಷ್ಟೇ ಬರೆದರೆ ಈ ಕಷ್ಟ ಓದುಗರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಇದು. ಕಾರು ಓಡಿಸಲು ಹೋಗುವ ವರದಿಗಾರರ ಕೈಗೆ ಒಂದು ಅಳತೆ ಟೇಪು ಕೊಡಿ. ಮುಂದಿನ ಸೀಟನ್ನು ತಮ್ಮ ಎತ್ತರಕ್ಕೆ ಹೊಂದಿಸಿಕೊಂಡು, ಆಮೇಲೆ ಅದರ ಹಿಂದೆ ತಾವೇ ಕೂತು ನೋಡಲಿ, ತಮ್ಮ ಎತ್ತರವನ್ನೂ ಬರಹದಲ್ಲಿ ಹೇಳಲಿ. ಹಿಂದಿನ ನೆಲದಿಂದ ಸೀಟಿನ ಮುಂಗಡೆ ಎಷ್ಟು ಎತ್ತರ, ಸೀಟಿನ ದಿಂಬು ತೊಡೆಯ ಎಷ್ಟು ಭಾಗವನ್ನು ಹೊರುತ್ತದೆ, ಹಿಂದಿನ ಬಾಗಿಲಿನ ಬುಡದಲ್ಲಿ ಪಾದಕ್ಕೆ ಎಷ್ಟು ಸಂದಿ, ಡಿಕ್ಕಿಯ ಅಂಚಿನ ಮೇಲೆ ಸಾಮಾನನ್ನು ಎಷ್ಟು ಎತ್ತರಕ್ಕೆ ಎತ್ತಬೇಕು, ಖಾಲಿ ಕಾರಿನ ತೂಕ ಎಷ್ಟು, ತಿರುಗಲು ಎಷ್ಟು ಮೀಟರ್ ಬೇಕು, ಇಷ್ಟನ್ನು ಬರಹದ ಪಕ್ಕದ ಚೌಕದಲ್ಲಿ ಪ್ರತಿ ಕಾರಿಗೂ ಒಂದೇ ರೀತಿಯಲ್ಲಿ ಅಚ್ಚು ಹಾಕಿ. ಸಾಧ್ಯವಾದರೆ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದು ಹಿಂದಿನ ಬಾಗಿಲಿನಿಂದ ಹತ್ತಿ ಇಳಿಯಲು ಹೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಪ್ರಕಟಿಸಿ. ಕೆಲವು ತಿಂಗಳು ಹೀಗೆ ಅಂಕಿಗಳು ಅಕ್ಕಪಕ್ಕ ಬಂದರೆ ಓದುಗರು ಹೋಲಿಸಿ ನೋಡುತ್ತಾರೆ, ಕೊಳ್ಳುವಾಗ ಕೇಳುತ್ತಾರೆ. ಕೇಳುವವರಿದ್ದಾರೆ ಎಂದು ಗೊತ್ತಾದರೆ ವಿನ್ಯಾಸದ ಕೋಣೆಯಲ್ಲಿ ಹಿಂದಿನ ಸೀಟಿನ ಪರ ವಾದಿಸುವವರ ದನಿಗೆ ಬಲ ಬರುತ್ತದೆ. ಆ ಕೋಣೆಯಲ್ಲಿ ಕೂತು ಬಂದಿರುವುದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಅಳೆಯಬೇಕು ಎಂಬ ಚಿತ್ರಸಹಿತ ನಮೂನೆಯೊಂದನ್ನು ಈ ಪತ್ರದ ಜೊತೆಗೇ ಲಗತ್ತಿಸಿದ್ದೇನೆ. ನಿಮ್ಮ ವರದಿಗಾರರಿಗೆ ಅದರಲ್ಲಿ ಏನಾದರೂ ಅನುಮಾನ ಬಂದರೆ ಕಚೇರಿಗೆ ಬಂದು ಕಾರಿನ ಪಕ್ಕದಲ್ಲೇ ನಿಂತು ತೋರಿಸಿಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಾಹನ ವಿನ್ಯಾಸ ಎಂಜಿನಿಯರ್